ಓಕೆ ಒತ್ತುವ ಮೊದಲು

ನಮ್ಮ ಸರ್ ತೀರಿಕೊಂಡ ತಾರೀಖು ನನ್ನ ದಿನಚರಿಯಲ್ಲಿದೆ. ಅದೊಂದನ್ನು ಬಿಟ್ಟರೆ ಅವರ ಕುರಿತ ಯಾವ ತಾರೀಖನ್ನೂ ನಾನು ಖಾತ್ರಿಯಿಂದ ಹೇಳಲಾರೆ. ನೆನಪು ಮಾಸಿದ್ದರಿಂದ ಮಾತ್ರವಲ್ಲ. ನಾವು ಕೂತು ಕೆಲಸ ಮಾಡುತ್ತಿದ್ದ ಜಾಗದಲ್ಲಿ ತಾರೀಖುಗಳೇ ಸುಳ್ಳಿದ್ದವು.

ಮುದ್ದೇಬಿಹಾಳದ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಬರುವ ಒಂದು ಓಣಿಯಲ್ಲಿ ಅವರ ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ಮುಂದಿನ ಖೋಲಿಯಲ್ಲಿ ಆರು ಕಂಪ್ಯೂಟರು, ಹಿಂದೆ ಅವರ ಮನೆ. ನಡುವಿನ ಗೋಡೆಯಲ್ಲಿ ಒಂದು ಕಿಟಕಿ. ಅದು ಅಡುಗೆಮನೆಗೆ ತೆರೆಯುತ್ತಿತ್ತು. ಧಾರವಾಡದಲ್ಲಿ ಓದು ಮುಗಿಸಿ ಬಂದವಳು ನಾನು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಸವನ ಬಾಗೇವಾಡಿಯಿಂದ ದಿನಾ ಬಸ್ಸಿನಲ್ಲಿ ಬಂದು ಅಲ್ಲಿ ಪಾಠ ಹೇಳುತ್ತಿದ್ದೆ. ನಾಲ್ಕು ವರ್ಷ. ಐದು ಎಂದೂ ಕೆಲವರಿಗೆ ಹೇಳಿದ್ದೇನೆ, ಅದೂ ಆಗ ನಿಜವೆಂದೇ ಅನ್ನಿಸಿತ್ತು.

ನಾನು ಕಲಿಸುತ್ತಿದ್ದದ್ದು ವಿ.ಬಿ., ಅಂದರೆ ವಿಷುವಲ್ ಬೇಸಿಕ್. ಪರದೆಯ ಮೇಲೆ ಒಂದು ಖಾಲಿ ಚೌಕಟ್ಟು ಇರುತ್ತದೆ. ಅದರ ಮೇಲೆ ಗುಂಡಿ, ಪಟ್ಟಿ, ಚಿತ್ರಗಳನ್ನು ಮೌಸಿನಿಂದ ಎಳೆದು ಕೂರಿಸಿ ಪ್ರೋಗ್ರಾಮ್ ಕಟ್ಟುವುದು. ಸಾಫ್ಟ್‌ವೇರಿನ ಜೊತೆ ಬರುವ ಗುಂಡಿಗಳು ಸಾಲದಿದ್ದರೆ ಹೊರಗಿನವರು ಮಾಡಿದ ಬಿಡಿಭಾಗಗಳನ್ನು ತಂದು ಜೋಡಿಸಬೇಕು. ಈಗ ಅದಕ್ಕೆ ಪ್ಲಗಿನ್ ಎನ್ನುತ್ತಾರೆ, ನಾವು ಕಂಟ್ರೋಲ್ ಎನ್ನುತ್ತಿದ್ದೆವು. ಪತ್ರಿಕೆಗಳ ಜೊತೆ ಬರುತ್ತಿದ್ದ ಸಿ.ಡಿ.ಗಳಲ್ಲಿ ಅವು ಸಿಗುತ್ತಿದ್ದವು, ಪರೀಕ್ಷೆಗೆಂದು ಮೂವತ್ತು ದಿನ ನಡೆದು ನಿಂತುಬಿಡುತ್ತಿದ್ದವು. ಅದಕ್ಕೆ ನಮ್ಮ ಕಡೆ ಎಲ್ಲರದ್ದೂ ಒಂದೇ ಉಪಾಯ. ಇಪ್ಪತ್ತೆಂಟನೆಯ ದಿನ ಬಂತೆಂದರೆ ಯಂತ್ರದ ತಾರೀಖನ್ನು ಒಂದು ತಿಂಗಳು ಹಿಂದಕ್ಕೆ ತಿರುವಿಬಿಡುವುದು. ಹೀಗಾಗಿ ನಮ್ಮ ಆರೂ ಯಂತ್ರಗಳಲ್ಲಿ ಹೊರಗಿನ ಲೋಕಕ್ಕೆ ದೀಪಾವಳಿ ಬರಲಿ, ಯುಗಾದಿ ಬರಲಿ, ಯಾವಾಗಲೂ ಅದೇ ಒಂದು ಮಾರ್ಚ್ ತಿಂಗಳು ನಡೆದಿರುತ್ತಿತ್ತು.

"ನಮ್ಮ ಲ್ಯಾಬಿನಾಗ ಯಾರಿಗೂ ವಯಸ್ಸಾಗಂಗಿಲ್ಲ ನೋಡ್ರಿ ಅಕ್ಕೋರ," ಎನ್ನುತ್ತಿದ್ದರು ಸರ್.

ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಹುಡುಗರ ಮುಂದೆ ನನಗೆ ಮಾನ ಇರಲಿ ಎಂದು ಮೊದಲ ದಿನದಿಂದ, ಶಿಕ್ಷಕಿಯರನ್ನು ಕರೆಯುವ ಹಾಗೆ, ಅಕ್ಕೋರ ಎಂದೇ ಕರೆದರು. ನಾನು ಸರ್ ಎನ್ನುತ್ತಿದ್ದೆ. ಊರಿನವರಿಗೆ ಅವರು ಕಂಪ್ಯೂಟರ್ ಮಾಸ್ತರ. ತೆಳ್ಳನೆಯ ಆಳು, ತುಂಬುತೋಳಿನ ಅಂಗಿ, ಬಲಗೈಯಲ್ಲಿ ಯಾವಾಗಲೂ ಒಂದು ಮರದ ಫುಟ್‌ಪಟ್ಟಿ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದರಂತೆ. ಅದರ ಬಗ್ಗೆ ಕೇಳಿದರೆ, "ಆಗೂ ಕಿವಿಗೊಟ್ಟ ಕೇಳೂದ ಇತ್ತು, ಈಗೂ ಅದ ಐತಿ," ಎಂದಷ್ಟೇ ಹೇಳುತ್ತಿದ್ದರು.

ಆ ಪಟ್ಟಿಯ ಕೆಲಸ ಏನೆಂಬುದು ನಾನು ಸೇರಿದ ದಿನವೇ ಗೊತ್ತಾಯಿತು. ಕೆಟ್ಟ ಯಂತ್ರವೊಂದನ್ನು ತೋರಿಸಿ ಸರಿಮಾಡಲು ಹೇಳಿದರು. ಪ್ರೋಗ್ರಾಮ್ ತೆರೆದೆ, ಸಂದೇಶದ ಪೆಟ್ಟಿಗೆ ಬಂತು, ಎಲ್ಲರೂ ಮಾಡುವ ಹಾಗೆ ಓಕೆ ಒತ್ತಲು ಹೋದೆ. ಟಪ್ ಎಂದು ಪಟ್ಟಿ ಮೌಸಿನ ಮೇಲೆ ಅಡ್ಡ ಬಿತ್ತು.

"ಏನ್ ಬರದೈತ್ರಿ ಅದರಾಗ?"

"ಏನೋ ಎರರ್ ಐತ್ರಿ ಸರ."

"ಎರರ್ ಐತಿ ಅಂತ ನನಗೂ ಕಾಣ್ತೈತಿ. ಏನ್ ಅಂತೈತಿ ಅದು? ಪೂರಾ ಓದ್ರಿ. ಓದಿ ಕನ್ನಡದಾಗ ಹೇಳ್ರಿ. ಆಮ್ಯಾಲ ಒತ್ರಿ."

ಹುಡುಗರಾದರೆ ಮಣಿಕಟ್ಟನ್ನೇ ಹಿಡಿಯುತ್ತಿದ್ದರು. ಹುಡುಗಿಯರಿಗೂ ನನಗೂ ಪಟ್ಟಿ. ಓದುವುದು, ಕನ್ನಡದಲ್ಲಿ ಹೇಳುವುದು, ಆಮೇಲೆ ಒತ್ತುವುದು. ಇದು ಅವರ ಇಡೀ ವಿದ್ಯೆ ಎಂದು ಆಗ ನಾನು ನಗುತ್ತಿದ್ದೆ. ವಿಶ್ವವಿದ್ಯಾಲಯದಲ್ಲಿ ಓದಿದವಳಿಗೆ ಇದೊಂದು ಪ್ರಾಥಮಿಕ ಸಾಲಿಯ ಪಾಠದ ಹಾಗೆ ಕಂಡಿತ್ತು.

ಅವರ ಬಳಿ ರಟ್ಟಿನ ಹೊದಿಕೆಯ ಒಂದು ಉದ್ದನೆಯ ವಹಿಯಿತ್ತು. ಇಂಡಿ, ಸಿಂದಗಿ, ಬಾಗೇವಾಡಿ, ನಿಡಗುಂದಿ ಎಲ್ಲಿಗೆ ರಿಪೇರಿಗೆ ಹೋದರೂ ಕಂಕುಳಲ್ಲಿ ಅದು. ಕಂಡ ಪ್ರತಿ ಸಂದೇಶವನ್ನೂ ಅಕ್ಷರ ಬಿಡದೆ ಅದರಲ್ಲಿ ಬರೆಯುತ್ತಿದ್ದರು. ಊರು, ಯಂತ್ರ, ತಾರೀಖು (ಯಂತ್ರದ್ದಲ್ಲ, ಗೋಡೆಯ ಕ್ಯಾಲೆಂಡರಿನದು), ಇಂಗ್ಲಿಷಿನಲ್ಲಿ ಬಂದದ್ದು, ಅದರ ಕನ್ನಡ. ಕೊನೆಗೆ ಒಂದು ಸಾಲು: 'ಕಂಡವರು'. ಆ ಸಂದೇಶ ಮೊದಲು ಯಾರ ಕಣ್ಣಿಗೆ ಬಿತ್ತೋ ಅವರ ಹೆಸರು. ಅದೇಕೆಂದು ಕೇಳಿದ್ದೆ.

"ನಾವು ಹೋಗೂದ ಎಲ್ಲಾ ಮುಗದ ಮ್ಯಾಲ್ರಿ. ಮದಲ ಕಂಡವರನ್ನ ಕೇಳಿದ್ರ ಅರ್ಧಾ ಕೆಲಸ ಆತು. ಅವರ ಬಾಯಿ ಬಿಡಿಸೂದ ಉಳದರ್ಧಾ."

ಆ ವಹಿಯಲ್ಲಿ ಅವರ ಸ್ವಂತ ಹೆಸರು ಎಂದೂ ಇರುತ್ತಿರಲಿಲ್ಲ. ಅವರು ಯಾವಾಗಲೂ ಆಮೇಲೆ ಬಂದವರು.

ಇಂಡಿಯ ಒಬ್ಬ ಲಿಂಬೆ ವ್ಯಾಪಾರಿಯ ಅಂಗಡಿಗೆ ಒಮ್ಮೆ ಜೊತೆಗೆ ಹೋಗಿದ್ದೆ. ಯಾರೋ ಮಾಡಿಕೊಟ್ಟ ಪ್ರೋಗ್ರಾಮ್ ಏಳುತ್ತಿರಲಿಲ್ಲ. ಲಿಂಬೆಯ ಬುಟ್ಟಿಗಳ ನಡುವೆ ಕಂಪ್ಯೂಟರು, ಅದಕ್ಕೊಂದು ಕುಂಕುಮದ ಬೊಟ್ಟು. ಸರ್ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತರು.

"ಓದ್ರಿ ಸಾವ್ಕಾರ್ರ."

"ಅಯ್ಯ ಮಾಸ್ತರ, ಇಂಗ್ಲೀಷ್ ನಮಗೇನ್ ತಿಳಿತೈತ್ರಿ? ನೀವ ಓದ್ರಿ, ನಿಮಗ ಅದಕ್ಕ ಕರಸೇವಿ."

"ಎಬಿಸಿಡಿ ಬರ್ತಾವಿಲ್ಲ? ಒಂದೊಂದ ಅಕ್ಷರಾನ ಓದ್ರಿ. ಅವಸರಿಲ್ಲ, ಬಸ್ಸ ಇನ್ನ ತಡಾ ಐತಿ."

ಆ ದಪ್ಪನೆಯ ಮನುಷ್ಯ ಬೆವರುತ್ತ, ಗಿರಾಕಿಗಳ ಎದುರಿಗೆ, ಒಂದೊಂದೇ ಅಕ್ಷರ ಓದಿದರು. ಒಂದು ಕಂಟ್ರೋಲಿನ ಹೆಸರು ಬಂತು, ನೋಂದಣಿಯಾಗಿಲ್ಲ ಎಂಬ ಮಾತು ಬಂತು. ಫ್ಲಾಪಿಯಿಂದ ಆ ಕಡತವನ್ನು ಬರೀ ನಕಲು ಮಾಡಿದ್ದರು, ವಿಂಡೋಸಿಗೆ ಅದರ ಹೆಸರು ತಿಳಿಸಿರಲಿಲ್ಲ.

"ಹುಡುಗ ಸಾಲಿಗೆ ಬಂದ ಕುಂತಾನ್ರಿ, ಆದ್ರ ಹಾಜರಿ ಬುಕ್ಕಿನಾಗ ಅವನ ಹೆಸರಿಲ್ಲ. ಮಾಸ್ತರ ಹೆಸರ ಕರಿಯಂಗಿಲ್ಲ, ಅಂವ ಎಸ್ ಸರ್ ಅನ್ನಂಗಿಲ್ಲ. ಇಷ್ಟ ಆಗಿದ್ದು," ಎಂದು ಹೇಳಿ, ಹೆಸರು ಹಚ್ಚುವ ಒಂದು ಸಾಲಿನ ಆಜ್ಞೆಯನ್ನೂ ಅವರ ಬೆರಳಿನಿಂದಲೇ ಟೈಪ್ ಮಾಡಿಸಿದರು. ಪ್ರೋಗ್ರಾಮ್ ಎದ್ದಾಗ ಸಾವ್ಕಾರರು ನಮ್ಮಿಬ್ಬರ ಚೀಲಕ್ಕೂ ಲಿಂಬೆ ತುಂಬಿದರು. ವಹಿಯಲ್ಲಿ 'ಕಂಡವರು' ಎದುರಿಗೆ ಅವರ ಹೆಸರು ಬಿತ್ತು.

ನನ್ನೂರಿನಲ್ಲಿ ಮಾತ್ರ ನನಗೆ ಮುಖಭಂಗವಾಯಿತು. ಬಾಗೇವಾಡಿಯ ಒಂದು ಸಾಲಿಗೆ ನಾನೇ ಫಲಿತಾಂಶದ ಪ್ರೋಗ್ರಾಮ್ ಬರೆದಿದ್ದೆ. ಅದನ್ನು ಹಾಕಿಕೊಡಲು ಸರ್ ಜೊತೆ ಹೋದೆ. ಹೆಡ್‌ಮಾಸ್ತರರು, ನಾಲ್ಕು ಜನ ಶಿಕ್ಷಕರು, ನನ್ನ ಅಪ್ಪನೂ ಬಂದು ನಿಂತಿದ್ದರು. ಅಂಕಪಟ್ಟಿ ಬರಬೇಕಾದ ಜಾಗದಲ್ಲಿ ಬರೀ ಬಿಳಿ ಚೌಕ. ನಾನು, "ನಮ್ಮ ಲ್ಯಾಬಿನಾಗ ನಡೀತಿತ್ರಿ," ಎಂದುಬಿಟ್ಟೆ. ಸರ್‌ಗೆ ಎಲ್ಲಕ್ಕಿಂತ ಸಿಟ್ಟು ತರಿಸುತ್ತಿದ್ದ ಮಾತದು.

"ನಿಮ್ಮ ಮನ್ಯಾಗ ಅಡಗಿ ಆಗೇತಂತ ಹೇಳಿದ್ರ ಇವರ ಹೊಟ್ಟಿ ತುಂಬತೈತೇನ್ರಿ ಅಕ್ಕೋರ?" ಎಂದರು, ನನಗಷ್ಟೇ ಕೇಳುವ ಹಾಗೆ. ಆಮೇಲೆ ಎಲ್ಲರಿಗೂ ಕೇಳುವ ಹಾಗೆ, "ಕಂಟ್ರೋಲ್ ತರೂದ ನಾ ಮರತ ಬಂದೇನ್ರಿ ಹೆಡ್‌ಮಾಸ್ತರ, ತಪ್ಪ ನಂದು, ನಾಳಿ ತರ್ತೇನಿ," ಎಂದರು. ಮರೆತವಳು ನಾನು. ಈ ಘಟನೆಯನ್ನು ಇಷ್ಟು ವರ್ಷ ಒಂದು ತಮಾಷೆಯ ಹಾಗೆ ಹೇಳಿಕೊಂಡು ಬಂದಿದ್ದೇನೆ. ಅವರು ಎರಡನೆಯ ಸಲ ಹಾಗೆ ಮಾಡಬಲ್ಲರೆಂದು ಆಗಲೇ ನನಗೆ ಹೊಳೆಯಬೇಕಿತ್ತೇನೋ.

ಈಗ ಅವರ ಹೆಂಡತಿಯ ವಿಷಯ ಹೇಳಬೇಕು. ಅತ್ತಿಗೆಯನ್ನು ಕರೆಯುವ ಹಾಗೆ ನಾನು ವೈನಿ ಎನ್ನುತ್ತಿದ್ದೆ. ಕಿಟಕಿಯ ಆಚೆಯಿಂದ ದಿನಕ್ಕೆ ಹತ್ತು ಸಲ "ರೀ" ಎಂಬ ದನಿ ಬರುತ್ತಿತ್ತು. ಗಂಡನ ಹೆಸರು ಹೇಳದ ಹೆಂಗಸರೆಲ್ಲ ಕರೆಯುವುದು ಹಾಗೆಯೇ. ಆದರೆ ವೈನಿಯ "ರೀ"ಗೆ ಬೇರೆ ಬೇರೆ ಅಳತೆಗಳಿದ್ದವು. ಚಹಾ ಆರುತ್ತಿದ್ದರೆ ಗಿಡ್ಡ, ಬೀಗರು ಬಂದಿದ್ದರೆ ಮೆಲ್ಲಗೆ, ಸಿಟ್ಟಿದ್ದರೆ ಓಣಿಯ ತುದಿಯವರೆಗೆ. ಹುಡುಗರು ಅದರ ಅನುಕರಣೆ ಮಾಡುತ್ತಿದ್ದರು. ಒಮ್ಮೆ ಊಟಕ್ಕೆ ಮೂರು ಸಲ ಕರೆದರೂ ಸರ್ ಏಳದಿದ್ದಾಗ ಕಿಟಕಿಯಲ್ಲಿ ಮುಖ ತೂರಿಸಿ, "ಅಕ್ಕೋರ, ನೀವ ಹೇಳ್ರಿ, ನಮ್ಮಪ್ಪ ನನ್ನ ಇವರಿಗೆ ಲಗ್ನಾ ಮಾಡಿ ಕೊಟ್ಟಾನೋ ಆ ಡಬ್ಬಿಗೋ?" ಎಂದು ಕೇಳಿದ್ದರು. ಇಡೀ ಬ್ಯಾಚು ನಕ್ಕಿತ್ತು. ಮಕ್ಕಳಿರಲಿಲ್ಲ.

ಆ ದನಿ ಒಡೆಯತೊಡಗಿದ್ದು ಯಾವಾಗ? ನನ್ನ ದಿನಚರಿಯಲ್ಲಿ 'ವೈನಿಗೆ ನೆಗಡಿ' ಎಂದು ಎರಡು ಕಡೆ ಇದೆ. ನೆಗಡಿಯಾಗಿರಲಿಲ್ಲ. ಸೊಲ್ಲಾಪುರದ ದೊಡ್ಡ ದವಾಖಾನೆಯಲ್ಲಿ ನೋಡಿದವರು, ಗಂಟಲಲ್ಲಿ ಗಂಟಾಗಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಜೀವ ಉಳಿಯುತ್ತದೆ, ದನಿ ಉಳಿಯುವುದಿಲ್ಲ ಎಂದರು.

ಅಲ್ಲಿಂದ ಬಂದ ಮರುದಿನ ಸರ್ ಮೂರನೇ ಯಂತ್ರದ ಮುಂದೆ ಕೂತು ಖಾಲಿ ಚೌಕಟ್ಟಿನ ಮೇಲೆ ಗುಂಡಿಗಳನ್ನು ಎಳೆಯುತ್ತಿದ್ದರು.

"ಆಪರೇಶನ್ನಿಗೆ ಇನ್ನ ಇಪ್ಪತ್ತ ದಿವಸ ಐತ್ರಿ ಅಕ್ಕೋರ. ಅಷ್ಟರಾಗ ಆಕಿ ದನಿ ಹಿಡದ ಇಡಬೇಕು. ಗುಂಡಿ ಒತ್ತಿದ್ರ ಮಾತ ಬರಬೇಕು. ಆಮ್ಯಾಲ ಈ ಮಶೀನ್ ಒಳಗ ಅಡಗಿಮನ್ಯಾಗ ಇಡೋಣು."

ನಲವತ್ತು ಗುಂಡಿಗಳು. ನೀರು, ಚಾ, ಬ್ಯಾಡ, ಸಾಕು, ತಲಿ ನೋಯಾಕತ್ತೈತಿ, ಯಾರ ಬಂದಾರ ನೋಡ್ರಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದು: ರೀ.

ದನಿ ಹಿಡಿಯಲು ಯಾವ ಕಂಟ್ರೋಲ್ ಬಳಸಬೇಕೆಂದು ಹೇಳಿದವಳು ನಾನು. ಹೊಸ ಸಿ.ಡಿ.ಯೊಂದರಲ್ಲಿ ಬಂದಿತ್ತು. ಫ್ಯಾನಿನ ಸದ್ದು, ಬೀದಿಯ ಸದ್ದು ತೆಗೆದು ದನಿಯನ್ನಷ್ಟೇ ಉಳಿಸುತ್ತಿತ್ತು. ಆದರೆ ತನ್ನದೇ ರೀತಿಯ ಕಡತದಲ್ಲಿ ಇಡುತ್ತಿತ್ತು. ಮಾಡಿದ ಯಂತ್ರದಲ್ಲಿ ಮಾತ್ರ ಆ ಕಡತ ತೆರೆಯುತ್ತಿತ್ತು. "ಮೂವತ್ತ ದಿವಸದ್ದಲ್ರಿ ಇದು?" ಎಂದು ಸರ್ ಅನುಮಾನಿಸಿದರು. "ತಾರೀಖು ತಿರುವಿದ್ರಾತ್ರಿ ಸರ," ಎಂದೆ. ಈ ಮಾತು ನಾನೇ ಆಡಿದ್ದೆಂದು ನನಗೆ ಖಾತ್ರಿಯಿದೆ. ನೆನಪು ನನ್ನ ಪರವಾಗಿ ತಿದ್ದಲು ಎಷ್ಟು ಹವಣಿಸಿದರೂ ಈ ಒಂದು ಮಾತು ತಿದ್ದಿಸಿಕೊಂಡಿಲ್ಲ.

ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ವೈನಿ ಅದರಲ್ಲಿ ವಚನ ಕೇಳುತ್ತಿದ್ದರು. ಒಂದು ಖಾಲಿ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ನಮ್ಮಿಬ್ಬರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ಕಂಪ್ಯೂಟರ್ ಬಲ್ಲವರು ಮಾತ್ರ ಮಾಡುವ ತಪ್ಪು ಇದು. ರೇಡಿಯೋ ರಿಪೇರಿಯ ಕಾಲದಲ್ಲಾಗಿದ್ದರೆ ಅವರೂ ಮಾಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಹುಡುಗರನ್ನು ಮನೆಗೆ ಕಳಿಸಿ, ವೈನಿಯನ್ನು ಮೈಕಿನ ಮುಂದೆ ಕೂರಿಸಿದೆವು. ದನಿ ಆಗಲೇ ಬಿರುಕು ಬಿಟ್ಟಿತ್ತು. ಮೊದಲು ನಾಚಿಕೊಂಡರು, ಆಮೇಲೆ ಜಗಳಕ್ಕಿಳಿದರು.

"ನೀರು ಅನ್ನಾಕ ಇಷ್ಟೆಲ್ಲಾ ಯಾಕ್ರಿ? ತಂಬಿಗಿ ತೋರಿಸಿದ್ರ ನಿಮಗ ತಿಳಿಯಂಗಿಲ್ಲೇನ?"

"ಅದನ್ನೂ ಹಿಡದ ಬಿಟ್ರಿ ನೋಡ್ರಿ ಅಕ್ಕೋರ," ಎಂದು ಸರ್ ನಕ್ಕರು. ಅದನ್ನೂ ಇಟ್ಟುಕೊಂಡೆವು. ಮೂವತ್ತೊಂಬತ್ತು ಮಾತುಗಳಾದವು. "ರೀ" ಮಾತ್ರ ಬರಲೊಲ್ಲದು. ಹೇಳಿಸಿದಷ್ಟೂ ಪುಸ್ತಕದ ಮಾತಿನ ಹಾಗೆ ಕೇಳುತ್ತಿತ್ತು. ಕೊನೆಗೆ ವೈನಿಯೇ, "ಎದುರಿಗೆ ಕುಂತವರನ್ನ ಹೆಂಗ ಕರೀಲಿ? ಹೊರಗ ಹೋಗ್ರಿ ನೀವು," ಎಂದು ಗದರಿದರು. ಸರ್ ಚಪ್ಪಲಿ ಮೆಟ್ಟಿಕೊಂಡು ಹೋಗಿ ಓಣಿಯಲ್ಲಿ ನಮಗೆ ಬೆನ್ನು ಮಾಡಿ ನಿಂತರು. ನಾನು ಗುಂಡಿ ಒತ್ತಿದೆ. ವೈನಿ ಬಾಗಿಲ ಕಡೆ ಮುಖ ಎತ್ತಿ ಕರೆದರು. ಎಲ್ಲ ಗೊತ್ತಿದ್ದೂ, ಅದಕ್ಕೇ ಹೋಗಿ ನಿಂತಿದ್ದೂ, ಸರ್ ಥಟ್ಟನೆ ತಿರುಗಿ, "ಬಂದೆ," ಎಂದರು.

ಆ ಬಿಸಿಲು, ಆ ಬೆನ್ನು, ಆ ತಿರುಗಿದ ಮುಖ ಈಗಲೂ ಕಾಣುತ್ತದೆ. ಆದರೆ ದನಿ ಕೇಳುವುದಿಲ್ಲ. ನೆನಪು ಮಾಡಿಕೊಂಡರೆ ಹುಡುಗರ ಅನುಕರಣೆಯ "ರೀ" ಮಾತ್ರ ಕಿವಿಗೆ ಬರುತ್ತದೆ.

ಮುಂದಿನದನ್ನು ನಿಧಾನವಾಗಿ ಬರೆಯುತ್ತೇನೆ.

ಅವರಿಬ್ಬರೂ ಸೊಲ್ಲಾಪುರಕ್ಕೆ ಹೋದರು. ಲ್ಯಾಬು ನನ್ನ ಮೇಲೆ ಬಿತ್ತು. ಇಪ್ಪತ್ತೆಂಟನೆಯ ದಿನ ಬಂದಾಗ ಒಂದು ಮುಂಜಾನೆ ಆರೂ ಯಂತ್ರಗಳ ತಾರೀಖು ತಿರುವಿದೆ. ಮೂರನೆಯದರಲ್ಲಿ ವೈನಿಯ ಪ್ರೋಗ್ರಾಮ್ ಸರಿಯಿದೆಯೇ ನೋಡೋಣವೆಂದು ತೆರೆದೆ. ಬೂದುಬಣ್ಣದ ಪೆಟ್ಟಿಗೆಯೊಂದು ಬಂತು. ಹಳದಿ ತ್ರಿಕೋನ, ನಾಲ್ಕೈದು ಸಾಲಿನ ಇಂಗ್ಲಿಷು, ಕೆಳಗೆ ಎರಡು ಗುಂಡಿ. ಬಾಗಿಲಲ್ಲಿ ಮೊದಲನೇ ಬ್ಯಾಚಿನ ಹುಡುಗಿಯರು ಚಪ್ಪಲಿ ಬಿಡುತ್ತಿದ್ದರು. ಫುಟ್‌ಪಟ್ಟಿ ಸರ್ ಅವರ ಮೇಜಿನ ಮೇಲಿತ್ತು. 'ಕ್ಲಾಕ್' ಎಂಬ ಒಂದು ಪದ ಕಂಡ ಹಾಗೆ ನೆನಪು. ಓಕೆ ಒತ್ತಿದೆ. ಪ್ರೋಗ್ರಾಮ್ ಮುಚ್ಚಿಕೊಂಡಿತು. ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಆ ದಿನದ ದಿನಚರಿ ನನ್ನ ಮುಂದಿದೆ: 'ಸೆಕೆ. ಸರ್ ಇಲ್ಲ. ಮೂರು ಬ್ಯಾಚ್ ಒಬ್ಬಳೇ.' ಪೆಟ್ಟಿಗೆಯ ಮಾತಿಲ್ಲ. ಮರೆತಿದ್ದೆನೇ, ಬೇಕೆಂದೇ ಬಿಟ್ಟಿದ್ದೆನೇ? ಸಂಜೆಯ ಬಸ್ಸಿನಲ್ಲಿ ನನಗೆ ಅಳುಕು ಇತ್ತೇ? ಇತ್ತೆಂದು ಈಗ ಅನ್ನಿಸುತ್ತದೆ. ಆದರೆ ತಪ್ಪು ತಿಳಿದ ಮೇಲೆ ಹುಟ್ಟಿದ ಅಳುಕನ್ನು ಮನಸ್ಸು ಹಿಂದಿನ ದಿನಕ್ಕೆ ಒಯ್ದು ಇಡಬಲ್ಲದು. ತಾರೀಖು ತಿರುವುವ ವಿದ್ಯೆ ಅದಕ್ಕೂ ಬರುತ್ತದೆ.

ಕೆಲವು ವಾರಗಳ ಮೇಲೆ ಅವರು ಮರಳಿದರು. ವೈನಿಯ ಕೊರಳಿಗೆ ಬಿಳಿಯ ಬಟ್ಟೆ, ಕೈಯಲ್ಲಿ ಮಕ್ಕಳು ಸಾಲಿಗೆ ಒಯ್ಯುವಂಥ ಕಲ್ಲುಪಾಟಿ. ಕರೆಯಬೇಕಾದರೆ ಬಳೆಯಿಂದ ತಂಬಿಗೆಗೆ ಬಡಿಯುತ್ತಿದ್ದರು. ಸರ್ ಅವರನ್ನು ಕೈ ಹಿಡಿದು ತಂದು ಮೂರನೇ ಯಂತ್ರದ ಮುಂದೆ ಕೂರಿಸಿದರು. ಹಬ್ಬಕ್ಕೆ ಸೀರೆ ತಂದು ಬಿಚ್ಚುವವರ ಮುಖದ ಹಾಗಿತ್ತು ಅವರ ಮುಖ.

"ಎಲ್ಲಾಕಿಂತ ದೊಡ್ಡ ಗುಂಡಿ ಒತ್ತು," ಎಂದರು.

ಪ್ರೋಗ್ರಾಮ್ ಏಳಲೇ ಇಲ್ಲ. ಕಂಟ್ರೋಲ್ ರಚಿಸಲಾಗಲಿಲ್ಲ ಎಂಬ ಒಂದೇ ಸಾಲು ಬಂತು. ನೂರು ಕಾರಣಕ್ಕೆ ಬರುವ ಸಾಲು ಅದು. ವೈನಿ ಗಂಡನ ಮುಖ ನೋಡಿದರು.

"ಕಂಟ್ರೋಲ್ ಹೊಳ್ಳಿ ಹಚ್ಚಬೇಕಾಗತೈತಿ, ಅಷ್ಟ," ಎಂದರು ಅವರು. ವೈನಿ ಒಳಗೆ ಹೋದ ಮೇಲೆ ನನ್ನ ಕಡೆ ತಿರುಗಿದರು.

"ಅಕ್ಕೋರ, ನಾ ಇಲ್ಲದಾಗ ಈ ಮಶೀನಿನಾಗ ಏನರ ಮೆಸೇಜ್ ಬಂದಿತ್ತೇನ್ರಿ?"

"ಇಲ್ರಿ ಸರ."

ಎರಡು ಪದ. ಇದಕ್ಕಿಂತ ಸಣ್ಣ ಸುಳ್ಳು ಆಡಲು ಬರುವುದಿಲ್ಲ.

ಆ ಸುಳ್ಳಿನ ಮೇಲೆ ಅವರು ಎಷ್ಟು ತಿಂಗಳು ದುಡಿದರು! ಯಾವ ಸಂದೇಶವೂ ಬಂದಿಲ್ಲವೆಂದರೆ ಕಂಟ್ರೋಲಿನ ಕಡತ ಕೆಟ್ಟಿರಬೇಕು ಎಂದು ಹಿಡಿದರು. ತೆಗೆದು ಮತ್ತೆ ಕೂರಿಸಿದರು. ಹೆಸರು ಅಳಿಸಿ ಮತ್ತೆ ಹಚ್ಚಿದರು. ವಿಂಡೋಸಿನ ನೋಂದಣಿಯಲ್ಲಿ ಅದರ ಗುರುತು ಒಂದೊಂದೇ ಹುಡುಕಿ ತೆಗೆದರು. ವಿ.ಬಿ.ಯನ್ನೇ ತೆಗೆದು ಹೊಸದಾಗಿ ಹಾಕಿದರು. ಡಿಸ್ಕ್ ಒರೆಸಿ ಮೊದಲಿನಿಂದ ಶುರುಮಾಡುವ ಮಾತು ಬಂದರೆ ಮಾತ್ರ, "ಅದರಾಗ ಆಕಿ ಅದಾಳ್ರಿ," ಎಂದು ಕೈ ಮುಂದೊಡ್ಡಿ ತಡೆಯುತ್ತಿದ್ದರು. ಬೇರೆ ಯಂತ್ರಗಳಲ್ಲಿ ಕಂಟ್ರೋಲ್ ಕೂಡುತ್ತಿತ್ತು, ಆದರೆ ಈ ಕಡತಗಳು ಅಲ್ಲಿ ತೆರೆಯುತ್ತಿರಲಿಲ್ಲ. ಕಡತಗಳು ತೆರೆಯಬೇಕಾದ ಯಂತ್ರದಲ್ಲಿ ಕಂಟ್ರೋಲೇ ಕೂಡುತ್ತಿರಲಿಲ್ಲ. ಆದರೂ ಸಿ.ಡಿ. ಮತ್ತು ಫ್ಲಾಪಿಗಳನ್ನು ಚೀಲದಲ್ಲಿಟ್ಟುಕೊಂಡು, ಇಂಡಿಗೆ ಹೋದರೆ ಇಂಡಿಯಲ್ಲಿ, ನಿಡಗುಂದಿಗೆ ಹೋದರೆ ನಿಡಗುಂದಿಯಲ್ಲಿ, ಯಾವುದೋ ಅಂಗಡಿಯ ಯಂತ್ರದ ಮೇಲೆ ಹಾಕಿ ನೋಡುತ್ತಿದ್ದರು. ಮರಳಿ ಬಂದು ಮೊದಲು ಕೇಳುತ್ತಿದ್ದದ್ದು ನನ್ನನ್ನೇ:

"ನೆನಪ ಮಾಡಕೋರಿ ಅಕ್ಕೋರ. ಸಣ್ಣದರ ಬಂದಿತ್ತೇನು? ಒಂದ ಸಾಲ?"

"ಇಲ್ರಿ ಸರ."

ಎರಡನೆಯ ಸಲ ಹೇಳುವುದು ಸುಲಭವಾಗಿತ್ತು. ಮೂರನೆಯ ಸಲಕ್ಕೆ ನನಗೇ ಅದು ನಿಜವೆನ್ನಿಸತೊಡಗಿತ್ತು. ವೈನಿ ಒಮ್ಮೆ ಕಿಟಕಿಯಲ್ಲಿ ಪಾಟಿ ಎತ್ತಿ ಹಿಡಿದಿದ್ದರು: 'ಸಾಕ ಬಿಡ್ರಿ. ತಂಬಿಗಿ ಐತಲ್ಲ.' ಸರ್ ಅದನ್ನು ಓದಿ ತಲೆಯಾಡಿಸಿ ಮತ್ತೆ ಪರದೆಗೆ ತಿರುಗಿದರು. ಬಳೆಯಿಂದ ತಂಬಿಗೆ ಬಡಿದ ಸದ್ದಿಗೆ ಅವರು "ಬಂದೆ" ಎನ್ನುತ್ತಿರಲಿಲ್ಲ. ಸುಮ್ಮನೆ ಎದ್ದು ಹೋಗುತ್ತಿದ್ದರು.

ಆಮೇಲೆ ಒಂದು ದಿನ ಸಿಂದಗಿಯ ಸಾಲಿಯೊಂದಕ್ಕೆ ಹೊಸ ಯಂತ್ರ ಹಾಕಲು ಹೋಗಿ ಬಂದರು. ಆ ದಿನ ಬಂದವರು ನನ್ನನ್ನು ಏನೂ ಕೇಳಲಿಲ್ಲ. ಅಡುಗೆಮನೆಯ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ, "ಇನ್ನ ತಾರೀಖು ತಿರುವೂದು ಬ್ಯಾಡ್ರಿ ಅಕ್ಕೋರ. ಇದ್ದದ್ದನ್ನ ಇಡೋಣು," ಎಂದರು. ಆರೂ ಯಂತ್ರಗಳಿಗೆ ನಿಜವಾದ ತಾರೀಖು ಬಂತು. ವಾರದೊಳಗೆ ಅರ್ಧ ಕಂಟ್ರೋಲುಗಳು ನಿಂತವು. ಮೂರನೇ ಯಂತ್ರದ ತಂತಿ ಬಿಚ್ಚಿ ಮೇಲೊಂದು ಬಟ್ಟೆ ಹೊದಿಸಿದರು. ಇನ್ನೊಂದು ಬದಲಾವಣೆಯನ್ನೂ ಗಮನಿಸಿದೆ. ಆ ದಿನದಿಂದ ನನ್ನ ಮೌಸಿನ ಮೇಲೆ ಅವರ ಪಟ್ಟಿ ಬೀಳಲಿಲ್ಲ. ಹುಡುಗಿಯರಿಗೆ ಬೀಳುತ್ತಿತ್ತು, ನನಗಿಲ್ಲ. 'ಸರ್‌ಗೆ ಈಗ ನನ್ನ ಕೆಲಸದ ಮೇಲೆ ಪೂರ್ಣ ವಿಶ್ವಾಸ' ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ. ಆ ಸಾಲನ್ನು ಹೊಡೆದುಹಾಕಬೇಕೆಂದು ಎಷ್ಟೋ ಸಲ ಪೆನ್ನು ಎತ್ತಿದ್ದೇನೆ. ಇರಲಿ ಎಂದು ಬಿಟ್ಟಿದ್ದೇನೆ.

ಮುಂದಿನ ವರ್ಷ ನನಗೆ ಬಾಗೇವಾಡಿಯಲ್ಲೇ ಕೆಲಸ ಸಿಕ್ಕಿತು. ಬಿಟ್ಟು ಬರುವ ದಿನ ಅವರು, "ಹೋಗಿ ಬರ್ರಿ ಅಕ್ಕೋರ. ಹುಡುಗರಿಗೆ ಓದಸ್ರಿ," ಎಂದರು. ಅಂದು ಹೇಳಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ. ಮುಂದೆ ವರ್ಷಕ್ಕೊಮ್ಮೆ ಸಿಗುತ್ತಿದ್ದೆವು, ಯಾವುದಾದರೂ ಬಸ್ ನಿಲ್ದಾಣದಲ್ಲಿ, ಅವರ ಕಂಕುಳಲ್ಲಿ ಅದೇ ವಹಿ. ಆಮೇಲೆ ಕೇಂದ್ರ ಮುಚ್ಚಿದರೆಂದು ಕೇಳಿದೆ. ಆಮೇಲೆ ಎದೆನೋವು ಬಂದು ತೀರಿಕೊಂಡರೆಂದು ಕೇಳಿದೆ. ದನಿ ಕಳೆದುಕೊಂಡವರು ಉಳಿದರು, ಅದನ್ನು ಹುಡುಕುತ್ತಿದ್ದವರು ಹೋದರು.

ಮಣ್ಣಿಗೆ ಹೋಗಲಾಗಲಿಲ್ಲ. ಹದಿನೈದು ದಿನ ಬಿಟ್ಟು ಮಧ್ಯಾಹ್ನದ ಬಸ್ಸಿಗೆ ಹೋದೆ. ಮುಂದಿನ ಖೋಲಿ ಖಾಲಿಯಿತ್ತು. ಮೂಲೆಯಲ್ಲಿ ಬಟ್ಟೆ ಹೊದ್ದ ಮೂರನೇ ಯಂತ್ರವೊಂದೇ. ವೈನಿ ನನ್ನ ಕೈ ಹಿಡಿದು ಕೂರಿಸಿ ನೀರು ಕೊಟ್ಟರು. ನಾನು ಸಮಾಧಾನದ ಮಾತು ಹೇಳಿದೆ, ಎಲ್ಲರೂ ಹೇಳುವಂಥವು. ಅವರು ಕೇಳಿಸಿಕೊಂಡರು. ಆಮೇಲೆ ಎದ್ದು ಹೋಗಿ ಆ ಉದ್ದನೆಯ ವಹಿ ತಂದು ನನ್ನ ತೊಡೆಯ ಮೇಲಿಟ್ಟರು. ಪುಟಗಳ ನಡುವೆ ಗುರುತಿಗೆ ಫುಟ್‌ಪಟ್ಟಿ ಇತ್ತು. ವೈನಿ ಅಲ್ಲಿಗೇ ತೆರೆದು, ಪಟ್ಟಿ ತಮ್ಮ ಕೈಗೆ ತೆಗೆದುಕೊಂಡರು.

ಎಡಗಡೆಯ ಪುಟದಲ್ಲಿ ಸಿಂದಗಿ. 'ಹೊಸ ಯಂತ್ರದಲ್ಲಿ ಕಂಟ್ರೋಲ್ ಹಾಕಿ, ಮೂರನೇ ಯಂತ್ರದಲ್ಲಿ ಆಗಿರಬಹುದಾದಂತೆ ತಾರೀಖು ಹಿಂದೆ ತಿರುವಿ ನೋಡಿದೆ. ಸಂದೇಶ ಬಂತು. ಓಕೆ ಒತ್ತಿದ ಮೇಲೆ ನಮ್ಮಲ್ಲಿ ಬರುವ ಸಾಲೇ ಬಂತು. ಅಂದರೆ ಅಲ್ಲಿಯೂ ಇದೇ ಸಂದೇಶ ಬಂದಿರಲೇಬೇಕು. ಮುಂದಿನ ಪುಟದಲ್ಲಿ ಬರೆದಿದೆ.'

ಬಲಗಡೆಯ ಪುಟದಲ್ಲಿ ಮುದ್ದೇಬಿಹಾಳ, ಮೂರನೇ ಯಂತ್ರ. ತಾರೀಖು, ನಾನು ಒಬ್ಬಳೇ ಇದ್ದ ಆ ಇಪ್ಪತ್ತೆಂಟನೆಯ ದಿನದ್ದು. ಕೆಳಗೆ ಐದು ಸಾಲು ಇಂಗ್ಲಿಷು, ಅಚ್ಚಿನಂಥ ಅಕ್ಷರ.

ವೈನಿ ನನ್ನ ಮುಖ ನೋಡುತ್ತಿದ್ದರು. ನಾನು ಓದಿದೆ. ಮೊದಲು ಇಂಗ್ಲಿಷಿನಲ್ಲಿ, ಅವರು ಕಲಿಸಿದ ಹಾಗೆ ಪೂರಾ. ಆಮೇಲೆ ಅವರು ಬರೆದಿಟ್ಟ ಕನ್ನಡ: 'ಈ ಯಂತ್ರದ ಗಡಿಯಾರ ಹಿಂದಕ್ಕೆ ಹೋಗಿದೆ. ನಿಲ್ಲಿಸಬೇಕಾದರೆ ಕ್ಯಾನ್ಸಲ್ ಒತ್ತಿ, ಸರಿಯಾದ ತಾರೀಖು ಇಟ್ಟು ಮತ್ತೆ ತೆರೆಯಿರಿ. ಓಕೆ ಒತ್ತಿ ಮುಂದುವರಿದರೆ ಈ ಪ್ರತಿ ಇನ್ನೆಂದೂ ಈ ಯಂತ್ರದಲ್ಲಿ ನಡೆಯುವುದಿಲ್ಲ. ಇದರಿಂದ ಮಾಡಿದ ಯಾವ ಕಡತವೂ ಮತ್ತೆ ತೆರೆಯುವುದಿಲ್ಲ.'

ಕ್ಯಾನ್ಸಲ್ ಇತ್ತು. ಎರಡನೆಯ ಗುಂಡಿ ಅದೇ.

ನನಗೆ ಇನ್ನು ಓದಲಾಗಲಿಲ್ಲ. ವಹಿ ಮುಚ್ಚಲು ಹೋದೆ. ಟಪ್ ಎಂದು ಫುಟ್‌ಪಟ್ಟಿ ಪುಟದ ಮೇಲೆ ಅಡ್ಡ ಬಿತ್ತು. ಹಿಡಿದವರು ವೈನಿ. ಪಟ್ಟಿಯ ಅಂಚು ಕೊನೆಯ ಸಾಲಿನ ಕೆಳಗೆ ನೆಟ್ಟಗೆ ನಿಂತಿತ್ತು.

'ಕಂಡವರು: ಸ್ವತಃ.'

ಆ ಇಡೀ ವಹಿಯಲ್ಲಿ ಎಂದೂ ತಮ್ಮನ್ನು ಬರೆದುಕೊಳ್ಳದವರು, ಆ ಮುಂಜಾನೆ ಸೊಲ್ಲಾಪುರದ ದವಾಖಾನೆಯಲ್ಲಿ ಹೆಂಡತಿಯ ಹಾಸಿಗೆಯ ಹತ್ತಿರ ಕೂತಿದ್ದವರು, ಹಾಗೆ ಬರೆದಿದ್ದರು. ಆ ಹಾಸಿಗೆಯಲ್ಲಿ ಮಲಗಿದ್ದವರು ಈಗ ಪಟ್ಟಿ ಹಿಡಿದು ನನ್ನೆದುರಿಗೆ ಕೂತಿದ್ದರು.

ಪಟ್ಟಿ ಸರಿಯಲಿಲ್ಲ. ನಾನು ಆ ಸಾಲನ್ನೂ ಗಟ್ಟಿಯಾಗಿ ಓದಿದೆ. ಆಗಲೂ ಸರಿಯಲಿಲ್ಲ.

"ಇದು ಖರೇ ಅಲ್ರಿ ವೈನಿ," ಎಂದೆ. "ಕಂಡಾಕಿ ನಾನು."

ಆಗ ಪಟ್ಟಿ ತೆಗೆದರು.